ಮಾರಿದವರ ಕೈಗೆ

ನನ್ನ ಗಂಡ ಸೂರ್ಯನಾರಾಯಣ ರಾಯರು ಕೇಂದ್ರ ಸರ್ಕಾರದಲ್ಲಿ ಅಸಿಸ್ಟೆಂಟು. ಇಡೀ ದೇಶ ತಮ್ಮ ಫೈಲಿನ ಮೇಲೆ ನಿಂತಿದೆ ಎಂದು ನಂಬಿದವರು. ದಿಲ್ಲಿಯ ಕೋಟ್ಲಾದಲ್ಲಿ ಬಾಡಿಗೆಗೆ ಕೊಡಲೆಂದು ಮೂರು ಕೋಣೆಗಳ ಮನೆಯೊಂದನ್ನು ಕೊಂಡಾಗ ಅದನ್ನು ನನ್ನ ಹೆಸರಿಗೆ ಮಾಡಿಸಿದರು. ನನ್ನ ಮೇಲಿನ ಪ್ರೀತಿಯಿಂದಲ್ಲ. ಆಫೀಸಿಗೆ ತಿಳಿದರೆ ದುಡ್ಡು ಎಲ್ಲಿಂದ ಬಂತು ಎಂದು ಕೇಳುತ್ತಾರೆ, ನಾವಿದ್ದ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿಗೂ ಸಂಚಕಾರ ಬರುತ್ತದೆ ಎಂಬ ಹೆದರಿಕೆಯಿಂದ. ನನಗೆ ಹೇಳಿದ್ದು ಇಷ್ಟೆ: "ಇಲ್ಲಿ ಸಹಿ ಹಾಕು. ಇಲ್ಲೂ ಹಾಕು."

ಎಪ್ಪತ್ತೆರಡರ ಜನವರಿಯಲ್ಲಿ ಆ ಮನೆಯನ್ನು ಮೋನಪ್ಪನಿಗೆ ಮಾರಿದರು. ಮೋನಪ್ಪ ಕರೋಲ್ ಬಾಗಿನ ಉಡುಪಿ ಹೋಟೆಲೊಂದರಲ್ಲಿ ದೋಸೆ ಹುಯ್ಯುವವನು. ಅವನಿಗೆ ಯಾವ ಬ್ಯಾಂಕು ಸಾಲ ಕೊಟ್ಟೀತು? ಅದಕ್ಕೇ ಇವರು ದೊಡ್ಡ ಮನಸ್ಸು ಮಾಡಿ ಕಂತಿನ ಮೇಲೆ ಕೊಟ್ಟರು. ಮುಂಗಡ ಐದು ಸಾವಿರ. ಉಳಿದ ಹತ್ತು ಸಾವಿರಕ್ಕೆ ಬಡ್ಡಿ ಸೇರಿಸಿ ತಿಂಗಳಿಗೆ ಇನ್ನೂರೈವತ್ತರಂತೆ ನಾಲ್ಕು ವರ್ಷ. ಮೂರು ಕೋಣೆಗಳ ಬಾಡಿಗೆ ಹೆಚ್ಚುಕಡಿಮೆ ಕಂತಿಗೇ ಸರಿಹೋಗುತ್ತಿತ್ತು. ಮುಂಗಡಕ್ಕೆ ಅವನ ಹೆಂಡತಿ ಉಮಾವತಿ ತನ್ನ ನಾಲ್ಕೂ ಚಿನ್ನದ ಬಳೆಗಳನ್ನು ಮಾರಿದಳು.

ಕರಾರು ಬರೆದವರು ನಮ್ಮ ರಾಯರೇ, ಇಂಗ್ಲಿಷಿನಲ್ಲಿ, ಹನ್ನೊಂದು ಪುಟ. ಆಫೀಸಿನಲ್ಲಿ ಅವರ ಒಂದು ನೋಟನ್ನೂ ತಿದ್ದದೆ ಮೇಲಕ್ಕೆ ಕಳಿಸಿದವರಿಲ್ಲ. ಇಲ್ಲಿ ತಿದ್ದುವವರೇ ಇರಲಿಲ್ಲ. ಐದನೇ ತಾರೀಖಿನೊಳಗೆ ಕಂತನ್ನು ಮಾರಿದವರ ಮನೆಗೆ ತಂದು, ಅವರ ಕೈಗೇ ಕೊಟ್ಟು, ಸಹಿಯಾದ ರಸೀದಿ ಪಡೆಯಬೇಕು. ಒಂದು ಕಂತು ತಪ್ಪಿದರೂ ಮನೆ ವಾಪಸ್, ಕೊಟ್ಟ ದುಡ್ಡೂ ಮುಟ್ಟುಗೋಲು.

ಮೋನಪ್ಪ ತಪ್ಪಲಿಲ್ಲ. ಪ್ರತಿ ತಿಂಗಳೂ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಇವರು ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ನೋಟುಗಳನ್ನು ಎರಡು ಸಲ ಎಣಿಸುತ್ತಿದ್ದರು. ಆಮೇಲೆ ರಸೀದಿ ಪುಸ್ತಕವನ್ನು ಅಡುಗೆಮನೆಗೆ ಹಿಡಿದು ತರುತ್ತಿದ್ದರು. ನಾನು ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಹೀಗೆ ನಲವತ್ತೈದು ಸಲ.

ಅಷ್ಟರಲ್ಲಿ ಎಪ್ಪತ್ತೈದು ಬಂತು. ಹದಿನೈದು ಸಾವಿರದ ಮನೆಗೆ ಮೂವತ್ತೈದು ಕೊಡುತ್ತೇನೆಂದು ಯಾರೋ ವ್ಯಾಪಾರಿ ಲಾಲಾ ಹೇಳಿದನಂತೆ. ಅಂದಿನಿಂದ ಇವರಿಗೆ ಊಟ ರುಚಿಸಲಿಲ್ಲ. ತಾವೇ ಕರೆದು ಮಾರಿದ್ದನ್ನು ಮೋನಪ್ಪ ಕದ್ದನೇನೋ ಎಂಬಂತೆ ಉರಿಯತೊಡಗಿದರು. ಇನ್ನು ಉಳಿದದ್ದು ಮೂರೇ ಕಂತು.

ದೀಪಾವಳಿಗೆ ಮುಂಚೆ ಒಂದು ದಿನ ನಗುತ್ತಾ ಬಂದರು.

"ಸುಶೀಲಾ, ಒಂದನೇ ತಾರೀಖು ಹರಿದ್ವಾರಕ್ಕೆ ಹೋಗೋಣ. ಆರಕ್ಕೆ ವಾಪಸ್. ಬೀಗ ನೋಡ್ಕೊಂಡು ಹೋಗ್ಲಿ ಅವನು."

ಗಂಗೆಯಲ್ಲಿ ಮುಳುಗಿ ಬರುವುದಕ್ಕೂ ಇವರಿಗೆ ಇಂಥದೇ ಕಾರಣ ಬೇಕಿತ್ತು. ನನಗೆ ಹೇಸಿಗೆಯಾಯಿತು. ಮಂಡಿ ನೋವೆಂದು ಉಳಿದುಕೊಂಡೆ.

"ಅಚ್ಛಾ, ಇರು. ಬಾಗಿಲು ತೆಗೀಬೇಡ. ನಿನ್ನ ಕೈಗೆ ಕೊಟ್ರೂ ಅದು ಲೆಕ್ಕಕ್ಕಿಲ್ಲ. ಮಾರಿದವರ ಕೈಗೇ ಕೊಡಬೇಕು ಅಂತ ಬರೆದಿದ್ದೀನಿ," ಎಂದವರು ರಸೀದಿ ಪುಸ್ತಕವನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೊರಟರು.

ಅವರು ಹೋದ ಮೇಲೆ ಟ್ರಂಕಿನಿಂದ ಕರಾರು ತೆಗೆದೆ. ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಇಂಗ್ಲಿಷು ಓದಲು ಬರುತ್ತದೆ. ನಾಲ್ಕು ವರ್ಷ ಓದದೇ ಇದ್ದದ್ದು ನನ್ನ ಪೆದ್ದುತನ. ಮೊದಲ ಸಾಲಿನಲ್ಲೇ ಇತ್ತು: ಮಾರುವವರು, ಶ್ರೀಮತಿ ಸುಶೀಲಮ್ಮ.

ನಾಲ್ಕನೇ ತಾರೀಖು ಮೋನಪ್ಪ ಬಂದ. ಜೊತೆಗೆ ಉಮಾವತಿ. ಕೈಯಲ್ಲಿ ಇನ್ನೂ ಗಾಜಿನ ಬಳೆಯೇ.

"ಸಾರ್ ಇಲ್ವಾ ಅಕ್ಕಾ?" ಮೋನಪ್ಪನ ಮುಖ ಬಿಳಿಚಿತು. "ನಾಳೆಗೆ ಐದು. ಕಂತು ತಪ್ಪಿದ್ರೆ ಎಲ್ಲ ಹೋಯ್ತಲ್ಲ ಮಾರಾಯ್ರೆ!"

"ಒಳಗೆ ಬಾ. ಕೂತ್ಕೋ. ಮಾರಿದವಳು ಇಲ್ಲೇ ಇದ್ದೀನಿ."

ಇಬ್ಬರಿಗೂ ಕಾಫಿ ಕೊಟ್ಟೆ. ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ರಸೀದಿ ಬರೆದು, ರೆವಿನ್ಯೂ ಸ್ಟ್ಯಾಂಪು ಅಂಟಿಸಿ ಸಹಿ ಹಾಕಿದೆ. ಉಮಾವತಿ ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ನನ್ನ ಸಹಿ ಚೆನ್ನಾಗಿದೆ ಎಂದು ಅಂದು ಮೊದಲ ಸಲ ಅನ್ನಿಸಿತು.

ಆರರ ಬೆಳಿಗ್ಗೆ ಇವರು ಗಂಗಾಜಲದ ತಂಬಿಗೆ ಹಿಡಿದು ಬಂದರು.

"ಬಂದಿದ್ನಾ?"

"ಬಂದಿದ್ದ. ದುಡ್ಡು ತಗೊಂಡೆ, ರಸೀದಿ ಕೊಟ್ಟೆ."

"ಯಾರನ್ನ ಕೇಳಿ ಕೊಟ್ಟೆ? ಕೋರ್ಟಿಗೆ ಹೋಗ್ತೀನಿ! ಅದು ನನ್ನ ದುಡ್ಡಿನ ಮನೆ!"

"ಚಲೋ, ಹೋಗೋಣ. ಮೊದಲು ನಿಮ್ಮ ಆಫೀಸಿಗೆ ಹೋಗಿ ಅದು ಯಾರ ದುಡ್ಡಿನ ಮನೆ ಅಂತ ಹೇಳ್ಬಿಡಿ."

ಎಮರ್ಜೆನ್ಸಿಯ ದಿನಗಳು. ಆಫೀಸಿಗೆ ಐದು ನಿಮಿಷ ತಡವಾಗಿ ಹೋಗಲೂ ಇವರು ನಡುಗುತ್ತಿದ್ದರು. ತಂಬಿಗೆ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದರು. ಹನ್ನೊಂದು ಪುಟದಲ್ಲಿ ಇದಕ್ಕೊಂದು ಷರತ್ತು ಬರೆದಿರಲಿಲ್ಲ, ಪಾಪ.

ಡಿಸೆಂಬರಿನಲ್ಲಿ ಮೋನಪ್ಪ ಬಂದಾಗ ನಾನು ಕೂತಲ್ಲಿಂದ ಏಳಲಿಲ್ಲ, ಇವರ ಮುಖವನ್ನೇ ನೋಡಿದೆ. ಹೊಸ್ತಿಲಲ್ಲಿ ನಿಂತಿದ್ದವನಿಗೆ ಇವರೇ ಎದ್ದು ಕುರ್ಚಿ ಎಳೆದು ಹಾಕಿದರು. ದುಡ್ಡನ್ನು ಅವನು ನೇರವಾಗಿ ನನ್ನ ಕೈಗೆ ಕೊಟ್ಟ. ನಾನು ಒಂದೇ ಸಲ ಎಣಿಸಿದೆ.