ಕಡಲ ಕಡೆಯ ಕೋಣೆ

"ಆ ಪೆಟ್ಟಿಗೆ ಮಾತ್ರ ಮನೆಗೆ ತರಬೇಡ ಕಣೇ," ಎಂದು ಅಕ್ಕ ಫೋನಿನಲ್ಲಿ ಮತ್ತೊಮ್ಮೆ ಹೇಳುತ್ತಿದ್ದಂತೆ ರೈಲು ಸುರಂಗಕ್ಕೆ ನುಗ್ಗಿ ಮಾತು ಕತ್ತರಿಸಿಹೋಯಿತು.

ಪೆಟ್ಟಿಗೆ ತಂಗಿಯ ಸೀಟಿನಡಿಯಲ್ಲೇ ಇತ್ತು. ಒಳಗೆ ನೆಲದ ಮಟ್ಟ ಅಳೆಯುವ ಯಂತ್ರ, ಮರಳು ತುಂಬಿಕೊಳ್ಳಲು ಖಾಲಿ ಡಬ್ಬಿಗಳು. ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆಯೇ ಅದು: ಸಮುದ್ರ ದಡವನ್ನು ಎಷ್ಟು ತಿಂದಿದೆ, ಇನ್ನೆಷ್ಟು ತಿಂದೀತು. ಈ ಸಲ ಅಳೆಯಬೇಕಾದದ್ದು ಅಕ್ಕನಿದ್ದ ಬಂದರು ನಗರವನ್ನೇ ಎಂದಾಗ ಅವಳು ಕುಣಿದಾಡಿದ್ದಳು. ಅಮ್ಮ ತೀರಿಹೋದ ಮೇಲೆ ಅವಳು ಓದಿ ಬೆಳೆದದ್ದು ಅಕ್ಕನ ಮನೆಯಲ್ಲಿ, ಕಡಲಿಗೆ ಮುಖಮಾಡಿದ ಹಿಂದಿನ ಕೋಣೆಯಲ್ಲಿ.

ಎದುರಿನ ಸೀಟಿನ ಹೆಂಗಸಿಗೆ ಪೆಟ್ಟಿಗೆಯ ಮೇಲೇ ಕಣ್ಣು. "ಒಳಗೇನಮ್ಮ, ಹಾರ್ಮೋನಿಯಮ್ಮಾ?"

"ಅಳತೆ ಯಂತ್ರ. ಸಮುದ್ರದ ದಡ ಅಳೆಯೋಕೆ."

"ಅಳೆದ್ರೆ ಅದು ಸುಮ್ನಿರುತ್ತಾ?"

ಇಬ್ಬರೂ ನಕ್ಕರು. ಸುರಂಗ ಮುಗಿದು ಕಿಟಕಿಯ ತುಂಬ ನೀರು ಕಾಣಿಸಿತು. ಹಳಿಗೆ ಅದು ಇಷ್ಟು ಹತ್ತಿರವಿದ್ದದ್ದು ತಂಗಿಗೆ ನೆನಪಿರಲಿಲ್ಲ.

ಸ್ಟೇಷನ್ನಿಗೆ ಭಾವ ಬಂದಿದ್ದರು. ಪೆಟ್ಟಿಗೆಯನ್ನು ಕೈಗೆತ್ತಿಕೊಂಡವರು ನೇರವಾಗಿ ಸಾಮಾನು ಇಡುವ ಕೌಂಟರಿನತ್ತ ನಡೆದರು. "ಇದು ಇಲ್ಲೇ ಇರ್ಲಿ ಪುಟ್ಟಿ."

"ಯಾಕೆ ಭಾವ, ಬಾಂಬ್ ಗೀಂಬ್ ಇಲ್ಲ ಅದ್ರಲ್ಲಿ."

ಮಾತಿಗೊಂದು ತಮಾಷೆ ಮಾಡುವ ಭಾವ ನಗಲಿಲ್ಲ.

ಮನೆಗೆ ಹೊಸದಾಗಿ ಬಣ್ಣ ಬಳಿಸಿದ್ದರು. ಅದರ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡೆಯಿತು. ತಂಗಿ ಅಭ್ಯಾಸಬಲದಿಂದ ಚೀಲವನ್ನು ಹಿಂದಿನ ಕೋಣೆಗೆ ಒಯ್ಯುವಷ್ಟರಲ್ಲಿ ಅಕ್ಕ ಅಡ್ಡ ಬಂದಳು. "ಹಾಲ್‌ನಲ್ಲಿ ಮಲಕ್ಕೊ. ಬಣ್ಣ ಇನ್ನೂ ಹಸಿ ಇದೆ."

ಕೋಣೆಯ ಗೋಡೆಗೆ ದೊಡ್ಡ ಬೀರುವೊಂದು ಬಂದು ನಿಂತಿತ್ತು, ಅರ್ಧ ಕಿಟಕಿಯನ್ನೇ ಮುಚ್ಚುವಂತೆ. "ಇದ್ಯಾಕೆ ಇಲ್ಲಿಗೆ ಬಂತು?" ಎಂದರೆ, "ಎಲ್ಲೋ ಒಂದು ಕಡೆ ಇರಬೇಕಲ್ಲ," ಎಂದಳು ಅಕ್ಕ. ದೀಪ ಆರಿಸಲೂ ಅವಳು ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತೇ ಕೈ ಚಾಚಿದಳು.

ಬೆಳಿಗ್ಗೆ ನೀರು ಇಳಿದಿದ್ದಾಗ ತಂಗಿ ಹಿತ್ತಲ ಮೆಟ್ಟಿಲಿಳಿದು ದಡಕ್ಕೆ ಹೋದಳು. ಮೇಲಿನಿಂದ ಕಲ್ಲುಗೋಡೆ ಭದ್ರವಾಗಿಯೇ ಕಾಣುತ್ತಿತ್ತು. ಕೆಳಗಿನಿಂದ ನೋಡಿದರೆ ಅದರ ಬುಡ ಬಾಯಿ ತೆರೆದಿತ್ತು. ಮೊಣಕಾಲೂರಿ ಕೈ ಒಳಗೆ ಹಾಕಿದಳು. ತೋಳು ಪೂರ್ತಿ ಹೋಯಿತು. ಬೆರಳಿಗೆ ಏನೂ ತಾಗಲಿಲ್ಲ. ಸಣ್ಣ ಅಲೆಯೊಂದು ಬಂದು ಆ ಬಾಯೊಳಗೆ ನುಸುಳಿತು. ಅವಳು ಕಾದಳು. ಎಷ್ಟೋ ಹೊತ್ತಿನ ಮೇಲೆ ಮನೆಯಡಿಯಲ್ಲೆಲ್ಲೋ ಯಾರೋ ಗುಟುಕರಿಸಿದಂಥ ಸದ್ದು ಕೇಳಿಸಿತು. ಯಾವ ಯಂತ್ರವೂ ಬೇಕಾಗಿರಲಿಲ್ಲ.

ತಲೆ ಎತ್ತಿದರೆ ಮೆಟ್ಟಿಲ ಮೇಲೆ ಭಾವ.

"ಭಾವ, ಇವತ್ತೇ ಖಾಲಿ ಮಾಡಿ."

"ಮಾಡ್ತೀವಮ್ಮ. ಮಧ್ಯಾಹ್ನ ಅವರು ಬಂದು ನೋಡ್ಕೊಂಡು ಹೋಗ್ಲಿ."

"ಯಾರು?"

"ಮನೆ ಕೊಳ್ಳೋರು," ಎಂದು ಭಾವ ಅತ್ತ ತಿರುಗಿದರು.

ತಂಗಿ ಒದ್ದೆ ಕಾಲಲ್ಲೇ ಅಡುಗೆಮನೆಗೆ ಓಡಿದಳು. ಅಕ್ಕ ಕಪ್ಪುಗಳನ್ನು ಒರೆಸುತ್ತಿದ್ದಳು. "ಗೊತ್ತಿದ್ದೂ ಮಾರ್ತಿದೀರಾ ಅಕ್ಕ?"

"ನೀನು ನೋಡಿ, ಬರ್ಕೊಂಡು, ರೈಲು ಹತ್ತಿ ಹೋಗ್ತೀಯ. ನಾವೆಲ್ಲಿಗೆ ಹೋಗೋಣ, ನಿನ್ನ ಹಾಸ್ಟೆಲ್ಲಿಗಾ?" ಅಕ್ಕ ದನಿ ಏರಿಸಲಿಲ್ಲ. "ಒಂದೇ ಒಂದು ಮಧ್ಯಾಹ್ನ ಬಾಯಿಗೆ ಬೀಗ ಹಾಕ್ಕೊಂಡಿರು. ಇಷ್ಟು ವರ್ಷದಲ್ಲಿ ನಿನ್ನ ಹತ್ರ ಬೇರೇನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ.

ಬಂದವರು ಚಿಕ್ಕ ವಯಸ್ಸಿನ ಗಂಡ ಹೆಂಡತಿ, ಜೊತೆಗೆ ಶಾಲೆಗೆ ಹೋಗತೊಡಗಿದ ಮಗಳು. "ಅಬ್ಬ, ಏನು ಗಾಳಿ!" ಎಂದು ಹೆಂಡತಿ ಕಿಟಕಿಯಿಂದ ಕಿಟಕಿಗೆ ಓಡಾಡಿದಳು. ಗಂಡ ಹೊಸ ಬಣ್ಣವನ್ನು ಬೆರಳಿಂದ ಮುಟ್ಟಿ ನೋಡಿದ.

"ನನ್ನ ತಂಗಿ," ಅಕ್ಕ ಪರಿಚಯ ಮಾಡಿಸಿದಳು. "ಟೀಚರ್. ರಜಕ್ಕೆ ಬಂದಿದಾಳೆ."

ತಂಗಿ ನೆಲ ನೋಡಿದಳು. ಅಕ್ಕ ಕಾಫಿ ಕೊಟ್ಟಳು. ಭಾವ ನೀರಿನ ಪೈಪು, ನೆರೆಹೊರೆ, ಬಸ್ ನಿಲ್ದಾಣ ಎಂದು ಹೇಳುತ್ತ ಹೋದರು. ಎಲ್ಲವೂ ನಿಜವೇ ಆಗಿತ್ತು. ಹುಡುಗಿ ಯಾವಾಗ ಜಾರಿಕೊಂಡಳೋ ಯಾರೂ ಗಮನಿಸಲಿಲ್ಲ.

"ಅಮ್ಮಾ, ಇದು ನನ್ನ ರೂಮು!" ಹಿಂದಿನ ಕೋಣೆಯಿಂದ ಕೂಗು ಬಂತು. ಹಿಂದೆಯೇ ಅವಳು ಕುಪ್ಪಳಿಸುವ ಸದ್ದು. ಧಡ್, ಧಡ್. ಖಾಲಿ ಪೀಪಾಯಿಯ ಮೇಲೆ ಹಾರಿದಂತೆ. ಗಂಡ ಹೆಂಡತಿ ನಕ್ಕರು. ಅಕ್ಕ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. ಅವಳು ತಂಗಿಯ ಮುಖ ನೋಡಿದಳು, ಬೇಡುತ್ತಿದ್ದಳೋ ಹೆದರಿದ್ದಳೋ ತಿಳಿಯಲಿಲ್ಲ.

ತಂಗಿ ಎದ್ದು ಕೋಣೆಗೆ ಹೋಗಿ ಮಗುವನ್ನು ಎತ್ತಿಕೊಂಡಳು. ಹೆಜ್ಜೆ ಅಳೆದು ಇಡುತ್ತ ಬಂದು ಅದನ್ನು ತಾಯಿಯ ಮಡಿಲಿಗೆ ಹಾಕಿದಳು.

"ಈ ಮನೆ ತಗೋಬೇಡಿ," ಎಂದಳು. "ಆ ಕೋಣೆ ಕೆಳಗೆ ನೆಲ ಇಲ್ಲ."

ಆ ಗಂಡ ಭಾವನ ಮುಖವನ್ನೇ ದಿಟ್ಟಿಸಿದ. "ಮಗು ಇರೋರು ಸ್ವಾಮಿ ನಾವು," ಎಂದಷ್ಟೇ ಹೇಳಿ ಎದ್ದ. ಅವರು ಹೋದ ಮೇಲೂ ಭಾವ ಗೇಟಿನ ಚಿಲಕ ಹಿಡಿದು ನಿಂತೇ ಇದ್ದರು.

ಅಕ್ಕ ಬೈಯುತ್ತಾಳೆಂದು ತಂಗಿ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅಕ್ಕ ಅಡುಗೆಮನೆಗೆ ಹೋಗಿ ಸ್ಟೂಲು ಹತ್ತಿ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸತೊಡಗಿದಳು.

"ಅಕ್ಕ..."

"ಮಾತಾಡ್ಬೇಡ. ಇದನ್ನ ಹಿಡ್ಕೊ."

ತಂಗಿ ಹಿಡಿದುಕೊಂಡಳು. ಪಾತ್ರೆ, ತಟ್ಟೆ, ಲೋಟ, ಎಲ್ಲವನ್ನೂ ಒಂದರೊಳಗೊಂದು ಸೇರಿಸಿ ನೆಲದ ಮೇಲೆ ಪೇರಿಸಿದರು. ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ನೀರು ಮಾತ್ರ ಏರುತ್ತಿತ್ತು. ಇಬ್ಬರೂ ಪಾತ್ರೆಗಳ ಪಕ್ಕ ಕೂತಾಗ, ಯಾರೂ ಮುಟ್ಟದೆಯೇ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎಂದವು.

ಅಕ್ಕ ಅವುಗಳ ಮೇಲೆ ಅಂಗೈ ಒತ್ತಿ ಹಿಡಿದಳು. ಸದ್ದು ನಿಂತಿತು. ಅವಳು ಕೈ ತೆಗೆಯಲಿಲ್ಲ.