ಮರಳಿನ ಬದು

ಬಳ್ಳಾರಿಯಲ್ಲಿ ಬಾಡಿಗೆಗೆ ಹಿಡಿದ ಕ್ಯಾಂಪರ್ ವ್ಯಾನಿನಲ್ಲಿ ಅಪ್ಪನೂ ನಾನೂ ಕಾಡು ದಾಟಿ ಕಾರವಾರದ ಕಡಲಿಗೆ ಬಂದೆವು. ನೀರಿನಿಂದ ನಲವತ್ತು ಹೆಜ್ಜೆ ದೂರದಲ್ಲಿ ವ್ಯಾನು ನಿಲ್ಲಿಸಿದೆ. ಉಂಡು ಮಲಗಿ ಏಳುವಷ್ಟರಲ್ಲಿ ಅಲೆ ಚಕ್ರ ಮುಟ್ಟಿತ್ತು. ಹಿಂದೆ ತೆಗೆಯಹೋದರೆ ಚಕ್ರ ಮರಳಲ್ಲಿ ಹೂತುಕೊಂಡಿತು.

“ಮ್ಯಾಲೆ ಯಾರೋ ಗೇಟು ಎತ್ಯಾರ. ತಾಸಿಗೆ ಇಳೀತೈತಿ,” ಎಂದ ಸಿರುಗುಪ್ಪದಲ್ಲಿ ಕಾಲುವೆ ನೀರಿಗೆ ಭತ್ತ ಬೆಳೆಯುವ ಅಪ್ಪ.

“ಸಮುದ್ರಕ್ಕ ಎಲ್ಲೀ ಗೇಟು, ಯಪ್ಪಾ? ಇದು ಉಬ್ಬರ.”

“ಹಂಗಾರ ಎಲ್ಲಿ ಮಟ ಬರ್ತೈತಿ? ಕಾಲೇಜಿನಾಗ ಕಲಿಸಾಕಿ ನೀನು, ಹೇಳು.”

ಕುರುಗೋಡಿನಲ್ಲಿ ಪ್ರತಿವರ್ಷ ಚಂದ್ರನ ಸೆಳೆತವನ್ನು ಚಿತ್ರ ಬರೆದು ವಿವರಿಸುವ ನನಗೆ ಅದು ಗೊತ್ತಿರಲಿಲ್ಲ. ಅಪ್ಪ ಪಂಚೆ ಎತ್ತಿಕಟ್ಟಿ, ವ್ಯಾನಿನ ಮುಂದೆ ಕೈಯಿಂದಲೇ ಮರಳಿನ ಬದು ಹಾಕತೊಡಗಿದ. ಕಡಲನ್ನು ಬದು ತಡೆದೀತೇ? ಹಾಗೆಂದು ಸುಮ್ಮನೆ ನಿಲ್ಲುವುದು ಸರಿಯೇ? ತಿಳಿಯದೆ ನಾನೂ ಮೊಣಕಾಲೂರಿ ಮರಳು ಬಾಚಿದೆ.