ಕೊನೆಯ ಮನೆಯ ಹೀಟರ್

ವಯಸ್ಸಾದವರಿಗೆಂದು ಪುರಸಭೆ ಕಟ್ಟಿಸಿದ ಮನೆಗಳ ಸಾಲಿನಲ್ಲಿ ಒಂದು ಮನೆಯ ಹೀಟರ್ ಈ ಚಳಿಗಾಲದಲ್ಲಿ ಒಮ್ಮೆಯೂ ಉರಿದೇ ಇಲ್ಲ ಎಂಬುದು ಆರ್ಕಿಟೆಕ್ಟಳ ಕಂಪ್ಯೂಟರಿನಲ್ಲಿ ಕಂಡಿತು. ಆ ಮನೆಗಳ ನಕ್ಷೆ ಬರೆದವಳು ಅವಳೇ. ದಪ್ಪ ಗೋಡೆ, ಜೋಡಿ ಗಾಜಿನ ಕಿಟಕಿ, ಬಿಸಿಲು ಬೀಳುವ ಕಡೆಗೆ ಮುಖ. ಕರೆಂಟೂ ಉಳಿಯಬೇಕು, ಮುದಿ ಜೀವಗಳು ಬೆಚ್ಚಗೂ ಇರಬೇಕು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಉಳಿದವರ ಹೀಟರ್ ಅಷ್ಟಿಷ್ಟು ಉರಿದಿದೆ. ಕೊನೆಯ ಮನೆಯದು ಮಾತ್ರ ಸೊನ್ನೆ. ಅಲ್ಲಿರುವವಳು ಅವಳ ದೊಡ್ಡಮ್ಮ.

ದೊಡ್ಡಮ್ಮ ಅಂಥಿಂಥ ಹೆಂಗಸಲ್ಲ. ತಾಯಿಯಿಲ್ಲದ ಇವಳನ್ನು ಬಟ್ಟೆ ಹೊಲಿದು ಸಾಕಿದವಳು, ತನಗಾಗಿ ಮಾತ್ರ ಬಿಡಿಗಾಸು ಬಿಚ್ಚುವವಳಲ್ಲ. ಹೋದ ಚಳಿಗಾಲ ಹಳೆಯ ಬಾಡಿಗೆ ಮನೆಯಲ್ಲಿ ಹೀಟರ್ ಆರಿಸಿ ಕೂತು ಆಸ್ಪತ್ರೆ ಸೇರಿದ್ದಳು. ಬದುಕಿದ್ದೇ ಹೆಚ್ಚು. "ಹೊಸ ಮನೆಗೆ ಬಾ, ಬೆಚ್ಚಗಿರ್ತೀಯ" ಎಂದು ಕೈಕಾಲು ಹಿಡಿದು ಕರೆತಂದವಳು ಇವಳು. ಇಲ್ಲೂ ಅದೇ ಜುಗ್ಗತನವೇ? ಫೋನ್ ಮಾಡಿದರೆ ಎತ್ತುವವರಿಲ್ಲ.

ಕೋಟಿನ ಗುಂಡಿ ಹಾಕುವಷ್ಟೂ ವ್ಯವಧಾನವಿಲ್ಲದೆ, ಚಳಿ ಹೊಡೆಯುವ ತನ್ನ ಬಾಡಿಗೆ ಮನೆಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬಾಗಿಲು ಬಡಿದಳು. ಉತ್ತರವಿಲ್ಲ. ಒಳಗೆ ಕೇಳುವುದಾದರೂ ಹೇಗೆ? ಗಾಳಿ ನುಸುಳದ ಬಾಗಿಲೇ ಬೇಕೆಂದು ಬಡಗಿಯ ಪ್ರಾಣ ತಿಂದವಳು ನಕ್ಷೆ ಬರೆದ ಈ ಮಹಾತಾಯಿಯೇ! ಗಾಜು ಒಡೆಯುವುದೇ ಸರಿ ಎಂದು ಕಿಟಕಿಯ ಹತ್ತಿರ ಹೋದಳು. ಒಳಗೆ ದೊಡ್ಡಮ್ಮ ತೆಳ್ಳನೆಯ ಹತ್ತಿ ಅಂಗಿ ತೊಟ್ಟು, ಬರಿಗಾಲಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು; ಆ ಸದ್ದಿನಲ್ಲಿ ಫೋನೂ ಕೇಳಿಸಿರಲಿಕ್ಕಿಲ್ಲ.

ಕಿಟಕಿಯಲ್ಲಿ ಬಿದ್ದ ನೆರಳಿಗೆ ತಲೆಯೆತ್ತಿದ ದೊಡ್ಡಮ್ಮ ನಿಧಾನವಾಗಿ ಎದ್ದು ಬಂದು ಬಾಗಿಲು ತೆಗೆದಳು.

"ಯಾಕೆ ಕಣೇ, ಮನೆಗೆ ಬೆಂಕಿ ಬಿದ್ದವರ ಹಾಗೆ ಬಂದಿದೀಯ?"

"ಹೀಟರ್ ಯಾಕೆ ಹಾಕಿಲ್ಲ ನೀನು? ಜೀವ ಬಾಯಿಗೆ ಬಂದಿತ್ತು ನಂಗೆ."

"ಅದನ್ನ ಬಂದ ದಿನವೇ ಆರಿಸ್ದೆ, ಸುಮ್ನೆ ಬಿಲ್ ಯಾಕೆ ಅಂತ. ತಡೆಯೋಕಾಗದೇ ಇದ್ರೆ ಹಾಕೋಣ ಅಂತ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಕಾದೆ, ಕಾದೆ. ಚಳಿ ಬರಲೇ ಇಲ್ಲ. ಬೆವರು ಬಂತು."

ಅವಳಿಗೆ ಹೋದ ಜೀವ ಬಂದಂತಾಯಿತು. ಮೂಲೆಯ ಮನೆ, ಎರಡು ಕಡೆಯ ಬಿಸಿಲು. ಹೀಟರಿಲ್ಲದೆಯೂ ನಡೆದೀತು ಎಂದು ಪುರಸಭೆಯವರ ಮುಂದೆ ಎದೆ ತಟ್ಟಿ ಹೇಳಿದ್ದಳಲ್ಲ! ನಿಜಕ್ಕೂ ನಡೆದಾಗ ಮಾತ್ರ ದೊಡ್ಡಮ್ಮ ಸತ್ತೇಹೋದಳು ಎಂದುಕೊಂಡು ಓಡಿ ಬಂದಿದ್ದಳು. ತನ್ನ ಲೆಕ್ಕವನ್ನು ತಾನೇ ನಂಬಿರಲಿಲ್ಲ.

ದೊಡ್ಡಮ್ಮನ ಕೈ ಹಿಡಿದುಕೊಂಡಳು. ಬೆಚ್ಚಗಿತ್ತು. ಚಿಕ್ಕಂದಿನಿಂದಲೂ ಚಳಿಗಾಲದಲ್ಲಿ ಆ ಕೈ ಬೆಚ್ಚಗಿದ್ದುದನ್ನು ಅವಳು ಕಂಡೇ ಇರಲಿಲ್ಲ.

"ಥೂ, ನಿನ್ನ ಕೈ ಇಷ್ಟು ತಣ್ಣಗಿದೆಯಲ್ಲೇ," ಎಂದು ದೊಡ್ಡಮ್ಮ ಅವಳನ್ನು ಒಳಗೆಳೆದುಕೊಂಡಳು. "ಊರಿಗೆಲ್ಲ ಬೆಚ್ಚನೆ ಮನೆ ಕಟ್ತೀಯ, ನಿನಗೊಂದು ಕಟ್ಕೊಳ್ಳೋಕೆ ಏನಾಗಿತ್ತು? ಬಾಗಿಲು ಹಾಕು, ಇಲ್ಲೇ ಕೂತ್ಕೋ."